ಹರಾಜಿನ ಹಳೆಯ ಕಾರುಗಳು: ಸ್ಥಿತಿ ಅಳೆಯುವುದು ಹೇಗೆ, ಬೆಲೆ ನಂಬುವುದು ಎಷ್ಟು? – ಪ್ರಶ್ನೋತ್ತರ

ಗುಂಪಿನ ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ತಂದೆಯವರ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯುವುದನ್ನು ಕಲಿತವನು ನಾನು. ಹದಿನೆಂಟು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದೇನೆ. ಹರಾಜಿಗೆ ಬರುವ ಹಳೆಯ ಕಾರುಗಳನ್ನು ಕೊಳ್ಳುವವರ ಪರವಾಗಿ ಪರೀಕ್ಷಿಸಿ ವರದಿ ಬರೆಯುವುದು ನನ್ನ ಕೆಲಸ. ಕಳೆದ ವಾರ ಇಲ್ಲಿ ಒಬ್ಬರು ಸುಟ್ಟು ಕರಕಲಾದ ಫೆರಾರಿಯ ಚಿತ್ರ ಹಾಕಿ, ಇದಕ್ಕೆ ಹದಿನೈದು ಕೋಟಿ ರೂಪಾಯಿ ಕೊಟ್ಟರಂತೆ ಎಂದು ಬರೆದಿದ್ದರು. ಚರ್ಚೆ ಬೆಳೆದು ಎಲ್ಲೆಲ್ಲಿಗೋ ಹೋಯಿತು. ಎಲ್ಲ ಪ್ರಶ್ನೆಗಳನ್ನೂ ಒಂದೆಡೆ ಕೇಳಿ ಎಂದು ನಿರ್ವಾಹಕರು ಹೇಳಿದ್ದರಿಂದ ಇಲ್ಲಿ ಉತ್ತರಿಸುತ್ತಿದ್ದೇನೆ.

ದಾವಣಗೆರೆಯ ಸದಸ್ಯರು: ಆ ಸುಟ್ಟ ಕಾರಿನ ಸುದ್ದಿ ನಿಜವೇ? ಗುಜರಿಯವನೂ ಯೋಚಿಸಿ ತೆಗೆದುಕೊಳ್ಳುವಂಥ ತಗಡದು.

ಉತ್ತರ: ನಿಜ. ಅದು 1954ರ ಫೆರಾರಿ 500 ಮೊಂಡಿಯಲ್. 2023ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿ ಆರ್‌ಎಂ ಸೋದಬೀಸ್ ನಡೆಸಿದ ಹರಾಜಿನಲ್ಲಿ 18.75 ಲಕ್ಷ ಡಾಲರಿಗೆ ಹೋಯಿತು. 1960ರ ದಶಕದಲ್ಲಿ ಅಪಘಾತವಾಗಿ ಬೆಂಕಿ ಹತ್ತಿದ ಕಾರು ಅದು. ಅಂದಿನಿಂದ ದುರಸ್ತಿಯಿಲ್ಲದೆ ಬಿದ್ದಿತ್ತು. ಅದೂ ಸೇರಿ ಅಂದು ಹರಾಜಾದ ಇಪ್ಪತ್ತು ಫೆರಾರಿಗಳು ಒಬ್ಬರದೇ ಸಂಗ್ರಹದವು. 2004ರಲ್ಲಿ ಫ್ಲಾರಿಡಾಕ್ಕೆ ಅಪ್ಪಳಿಸಿದ ಚಾರ್ಲಿ ಚಂಡಮಾರುತಕ್ಕೆ ಕೊಟ್ಟಿಗೆಯ ಸೂರು ಕುಸಿದು ಅವುಗಳ ಮೇಲೆಯೇ ಬಿದ್ದಿತ್ತು.

ಕೊಂಡವರು ತಗಡಿಗೆ ದುಡ್ಡು ಕೊಡಲಿಲ್ಲ. ಆ ಚಾಸಿಸ್ (ಕಾರಿನ ತಳದ ಚೌಕಟ್ಟು) ಸಂಖ್ಯೆಯ ಕಾರು 1954ರಲ್ಲಿ ಇಟಲಿಯ ಹೆಸರಾಂತ ರಸ್ತೆ ಓಟ ಮಿಲ್ಲೆ ಮಿಲ್ಯಾದಲ್ಲಿ ಓಡಿದ್ದಕ್ಕೆ ದಾಖಲೆ ಇದೆ. ಆ ಸಂಖ್ಯೆಗೆ ಬೇರೆ ಯಾರೂ ಹಕ್ಕು ಸಾಧಿಸುತ್ತಿಲ್ಲ. ಇದೇ ಮುಖ್ಯ. ಒಂದೇ ಸಂಖ್ಯೆಯನ್ನು ಹೇಳಿಕೊಂಡು ಎರಡು ಕಾರುಗಳು ಓಡಾಡಿ ನ್ಯಾಯಾಲಯದ ಮೆಟ್ಟಿಲೇರಿದ ಉದಾಹರಣೆಗಳು ಈ ಲೋಕದಲ್ಲಿ ಇವೆ.

ಅವರೇ: ಹಾಗಾದರೆ ಮುಂದೆ ಹೊಸ ತಗಡು, ಹೊಸ ಎಂಜಿನ್ ಹಾಕಿ ಕಟ್ಟಿದ ಮೇಲೆ ಅದು ಹಳೆಯ ಕಾರು ಹೇಗಾಗುತ್ತದೆ?

ಉತ್ತರ: ನಿಮ್ಮ ಆಕ್ಷೇಪಣೆಯಲ್ಲಿ ತೂಕವಿದೆ, ತಳ್ಳಿಹಾಕುವುದಿಲ್ಲ. ನಮ್ಮೂರ ತೇರಿಗೆ ನಾನು ಕಂಡಂತೆಯೇ ಗಾಲಿ ಬದಲಾಗಿದೆ, ತೊಲೆಗಳು ಬದಲಾಗಿವೆ. ಆದರೂ ಊರಿಗೆ ಅದೇ ತೇರು, ಏಕೆಂದರೆ ಯಾವ ವರ್ಷ ಯಾವ ಮರ ಹಾಕಿದರು ಎಂಬುದು ಹತ್ತು ಜನರಿಗೆ ಗೊತ್ತು. ಕಾರಿನಲ್ಲೂ ಹಾಗೆಯೇ: ಏನು ಉಳಿದಿದೆ, ಏನು ಹೊಸದು ಎಂದು ಬರೆದಿಟ್ಟು ಮುಚ್ಚುಮರೆಯಿಲ್ಲದೆ ಮಾರಿದರೆ ನನಗೆ ತಕರಾರಿಲ್ಲ. ಆದರೆ ನೂರಕ್ಕೆ ತೊಂಬತ್ತು ಹೊಸದಾದ ಕಾರು, ಮೊದಲಿನ ಮೈಯಲ್ಲೇ ಉಳಿದ ಕಾರಿನ ಬೆಲೆಯನ್ನು ಮುಟ್ಟಬಾರದು. ಮುಟ್ಟುವುದೂ ಇಲ್ಲ.

ಮಂಗಳೂರಿನ ಸದಸ್ಯರು: "ಮ್ಯಾಚಿಂಗ್ ನಂಬರ್" ಎಂದು ಎಲ್ಲ ಕ್ಯಾಟಲಾಗಿನಲ್ಲೂ ಬರೆದಿರುತ್ತಾರೆ. ಸರಳವಾಗಿ ಹೇಳಿ.

ಉತ್ತರ: ಕಾರ್ಖಾನೆಯಿಂದ ಹೊರಬಂದ ದಿನ ಆ ಚಾಸಿಸ್ಸಿನಲ್ಲಿ ಯಾವ ಎಂಜಿನ್ ಕೂತಿತ್ತೋ ಅದೇ ಇಂದಿಗೂ ಇದೆ ಎಂದರ್ಥ. ಗೇರ್‌ಬಾಕ್ಸ್, ಬಾಡಿ ಸಂಖ್ಯೆಗಳೂ ಹೊಂದಿದರೆ ಇನ್ನೂ ಉತ್ತಮ. ಆದರೆ ಈ ಪದವನ್ನು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಾರೆ. ಆದ್ದರಿಂದ ಕ್ಯಾಟಲಾಗನ್ನು ನಂಬದೆ ತಯಾರಕರ ದಾಖಲೆ ಕೇಳಿ. ಜಾಗ್ವಾರಿಗೆ ಆ ಕಂಪನಿಯ ಹಳೆಯ ದಾಖಲೆ ಕಾಯುವ ಹೆರಿಟೇಜ್ ಟ್ರಸ್ಟ್ ಪ್ರಮಾಣಪತ್ರ ಕೊಡುತ್ತದೆ, ಹಳೆಯ ಕಾರುಗಳನ್ನು ನೋಡಿಕೊಳ್ಳುವ ಫೆರಾರಿಯ ಕ್ಲಾಸಿಕೆ ವಿಭಾಗ ಕೆಂಪು ಹೊದಿಕೆಯ ಪುಸ್ತಕ ಕೊಡುತ್ತದೆ. ಅದರಲ್ಲಿರುವ ಸಂಖ್ಯೆಯನ್ನು ಕಾರಿನ ಮೇಲಿನ ಅಚ್ಚಿನೊಂದಿಗೆ ನೀವೇ ತಾಳೆ ನೋಡಬೇಕು. ಅಚ್ಚಿನ ಸುತ್ತ ಉಜ್ಜಿದ ಗೆರೆಗಳಿದ್ದರೆ, ಒಂದು ಅಂಕಿ ಉಳಿದವುಗಳಿಗಿಂತ ಆಳವಾಗಿ ಕೂತಿದ್ದರೆ, ಅಲ್ಲಿಗೇ ನಿಲ್ಲಿ.

ಬೆಂಗಳೂರಿನ ಸದಸ್ಯರು: ನನ್ನ ತಂಗಿಯ ಗಂಡ ಬರ್ಮಿಂಗ್‌ಹ್ಯಾಮಿನಲ್ಲಿದ್ದಾರೆ. ಜಾಗ್ವಾರ್ ಇ-ಟೈಪ್ ಒಂದರ ಮೇಲೆ ಕಣ್ಣಿಟ್ಟಿದ್ದಾರೆ. ಹರಾಜಿನ ಹಿಂದಿನ ದಿನ ನೋಡಲು ಬಿಡುತ್ತಾರಂತೆ. ಏನು ನೋಡಬೇಕು?

ಉತ್ತರ: ಮೊದಲು, ನೋಡಲು ಹೋಗುತ್ತಿರುವುದೇ ಒಳ್ಳೆಯದು. ಬಹಳ ಜನ ಚಿತ್ರ ನೋಡಿಯೇ ಬೆಲೆ ಕೂಗುತ್ತಾರೆ.

ಇ-ಟೈಪ್ 1961ರಲ್ಲಿ ಜಿನೀವಾದಲ್ಲಿ ಬಿಡುಗಡೆಯಾಯಿತು. 1970ರ ದಶಕದವರೆಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ತಯಾರಾದವು. ಅಂದರೆ ಇದು ಅಪರೂಪದ ಕಾರಲ್ಲ. ಇದರ ಬೆಲೆಯನ್ನು ನಿರ್ಧರಿಸುವುದು ಸ್ಥಿತಿಯೇ. ಇದಕ್ಕೆ ಲಾರಿಗಿರುವಂಥ ಪ್ರತ್ಯೇಕ ಚೌಕಟ್ಟಿಲ್ಲ. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಹೊಸ್ತಿಲು ಇದೆಯಲ್ಲ, ಅದನ್ನು ಸಿಲ್ ಎನ್ನುತ್ತಾರೆ, ಅದೇ ಕಾರಿನ ಬೆನ್ನೆಲುಬು. ನೀರು ಒಳಗೆ ನಿಂತು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಹೊರಗೆ ಬಣ್ಣ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತು ಇದಕ್ಕೇ ಹೇಳಿದಂತಿದೆ.

ಬಾಗಿಲು ಮುಚ್ಚಿ ಅದರ ಹಿಂದಿನ ಸಂದನ್ನು ಮೇಲಿನಿಂದ ಕೆಳಗೆ ಬೆರಳಾಡಿಸಿ ನೋಡಿ. ಹರಾಜು ಮನೆಯವರು ಒಪ್ಪಿದರೆ ಹಿಂಭಾಗವನ್ನು ಜಾಕ್ ಹಾಕಿ ಎತ್ತಿಸಿ, ಮತ್ತೆ ಅದೇ ಸಂದು ನೋಡಿ. ಕೆಳಗೆ ಇದ್ದಾಗ ನಾಲ್ಕು ಮಿಲಿಮೀಟರ್ ಇದ್ದದ್ದು ಎತ್ತಿದಾಗ ಎರಡಾದರೆ ಬೆನ್ನೆಲುಬು ಬಾಗುತ್ತಿದೆ. ಆ ಕಾರನ್ನು ಬಿಟ್ಟುಬಿಡಿ.

ಆಯಸ್ಕಾಂತ ಹಿಡಿದು ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ಹಿಡಿಯದ ಕಡೆ ಪುಟ್ಟಿ ತುಂಬಿದ್ದಾರೆ ಎಂಬ ಲೆಕ್ಕ. ಇ-ಟೈಪಿನಲ್ಲಿ ಈ ಲೆಕ್ಕ ತಪ್ಪಬಹುದು, ಏಕೆಂದರೆ ಕಾರ್ಖಾನೆಯಲ್ಲೇ ತಗಡಿನ ಬೆಸುಗೆಗಳ ಮೇಲೆ ಸೀಸ ತುಂಬಿ ನಯಗೊಳಿಸುತ್ತಿದ್ದರು. ಸೀಸಕ್ಕೂ ಆಯಸ್ಕಾಂತ ಅಂಟುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ: ಪುಟ್ಟಿ ಮೊಸರು ಗಡಿಗೆಯಂತೆ ಮಂದವಾಗಿ ಸದ್ದು ಮಾಡುತ್ತದೆ, ಸೀಸ ಗಟ್ಟಿಯಾಗಿ ಉತ್ತರ ಕೊಡುತ್ತದೆ. ಬಣ್ಣದ ದಪ್ಪ ಅಳೆಯುವ ಮೀಟರ್ ಇದ್ದರೆ ಮೈಯ ಬಯಲು ಭಾಗಗಳಲ್ಲಿ ಇಡಿ. 100–150 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಆಸುಪಾಸು ಬಂದರೆ ಒಂದೇ ಪದರದ ಬಣ್ಣವಿರಬೇಕು. ಸಾವಿರ ದಾಟಿದರೆ ಅಡಿಯಲ್ಲಿ ಬೇರೇನೋ ಇದೆ.

ಬಾನೆಟ್ ಎತ್ತಿದಾಗ ಎಂಜಿನ್ನಿನ ಎರಡೂ ಬದಿಗೆ ಚೌಕ ಕೊಳವೆಗಳ ಚೌಕಟ್ಟು ಕಾಣುತ್ತದೆ. ಅದು ಕೂಡ ಒಳಗಿನಿಂದಲೇ ಸವೆಯುತ್ತದೆ. ಅದರ ಮೇಲೆ ಹೊಸ ಕಪ್ಪು ಬಣ್ಣ ದಪ್ಪಗೆ ಬಳಿದಿದ್ದರೆ ನನಗೆ ಅನುಮಾನ ಹೆಚ್ಚು.

ಒಂದು ಘಟನೆ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಒಬ್ಬರು ಕೆಂಪು ಬಣ್ಣದ 3.8 ಲೀಟರ್ ಇ-ಟೈಪನ್ನು ಚಿತ್ರ ನೋಡಿಯೇ ಕೊಂಡು, ಆಮೇಲೆ ನನ್ನನ್ನು ಕರೆದರು. ಕಾರ್ಪೆಟ್ ಎತ್ತಿದೆ. ಹಸಿ ಗೋಣಿಚೀಲದ ವಾಸನೆ. ಸಿಲ್ಲಿನ ಮೇಲೆ ತೆಳುವಾದ ಹೊಸ ತಗಡನ್ನು ಸಾಲಾಗಿ ರಿವೆಟ್ ಹೊಡೆದು ಕೂರಿಸಿ, ಮೇಲೆ ಪುಟ್ಟಿ ಎಳೆದಿದ್ದರು. ಒಂದು ರಿವೆಟ್ ತೆಗೆದಾಗ ಸಂದಿನಿಂದ ತುಕ್ಕಿನ ಪುಡಿ ರಾಗಿಹಿಟ್ಟಿನಂತೆ ನನ್ನ ಅಂಗೈಗೆ ಸುರಿಯಿತು. ಆ ಮನುಷ್ಯ ಮಾತೇ ಆಡಲಿಲ್ಲ. ದುರಸ್ತಿಗೆ, ಕೊಂಡ ಬೆಲೆಯ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ಇದ್ದದ್ದು ಇದ್ದ ಹಾಗೆ ಮಾರುತ್ತೇವೆ ಎಂಬ ಷರತ್ತಿಗೆ ಅವರು ಸಹಿ ಹಾಕಿದ್ದರು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಆ ದಿನದಿಂದ, ಕಾರ್ಪೆಟ್ ಎತ್ತಲು ಬಿಡದ ಕಾರಿಗೆ ನಾನು ವರದಿಯನ್ನೇ ಬರೆಯುವುದಿಲ್ಲ.

ಧಾರವಾಡದ ಸದಸ್ಯರು: ನೀವು ತುಕ್ಕಿಗೆ ಹೆದರಿ ಎನ್ನುತ್ತೀರಿ. ಫ್ರಾನ್ಸಿನಲ್ಲಿ ಧೂಳು ತಿಂದ ಕಾರುಗಳು ಕೋಟಿಗಟ್ಟಲೆಗೆ ಹೋದವಲ್ಲ?

ಉತ್ತರ: ಬಾಯೋಂ ಸಂಗ್ರಹದ ಮಾತು ಹೇಳುತ್ತಿದ್ದೀರಿ. ಪಶ್ಚಿಮ ಫ್ರಾನ್ಸಿನಲ್ಲಿ ಸಾರಿಗೆ ಉದ್ಯಮ ನಡೆಸುತ್ತಿದ್ದ ರೋಜೆ ಬಾಯೋಂ, ಹಳೆಯ ಕಾರುಗಳನ್ನು ಉಳಿಸಿ ಸಂಗ್ರಹಾಲಯ ಕಟ್ಟುವ ಕನಸಿನಿಂದ ಕೂಡಿಟ್ಟಿದ್ದರು. 1970ರ ದಶಕದಲ್ಲಿ ಉದ್ಯಮ ಕುಸಿದು ಕೆಲವನ್ನು ಮಾರಬೇಕಾಯಿತು. ಉಳಿದವುಗಳಲ್ಲಿ ಹೆಚ್ಚಿನವು ತಗಡಿನ ಚಪ್ಪರಗಳ ಕೆಳಗೆ ದಶಕಗಳ ಕಾಲ ನಿಂತವು. ಆರ್ಟ್‌ಕ್ಯೂರಿಯಲ್ ಸಂಸ್ಥೆ 2015ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನಲ್ಲಿ 59 ಕಾರುಗಳನ್ನು ಹರಾಜು ಹಾಕಿತು. ನಟ ಆಲೆನ್ ಡೆಲಾನ್ ಅವರದಾಗಿದ್ದ 1961ರ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ ಸಿಕ್ಕಿತ್ತು. ಅದು ಸುಮಾರು 1.63 ಕೋಟಿ ಯೂರೋಗೆ ಹೋಯಿತು.

ಆದರೆ ಅದು ಸೂರಿನಡಿ, ಗೋಡೆಗಳ ನಡುವೆ ನಿಂತಿದ್ದ ಕಾರು. ಮೈ ಕೊಳೆತಿರಲಿಲ್ಲ, ಯಾರೂ ಕೈ ಹಾಕಿರಲಿಲ್ಲ. ಆಸನದ ಚರ್ಮ, ಮೀಟರುಗಳು, ಗುಂಡಿಗಳು ಎಲ್ಲವೂ ಇದ್ದವು. ಮೊದಲಿನ ಮೈ ಒಮ್ಮೆ ಹೋದರೆ ಮತ್ತೆ ಬಾರದು ಎಂಬುದು ನಮ್ಮ ವೃತ್ತಿಯವರ ಬಾಯಲ್ಲಿ ಸದಾ ಇರುವ ಮಾತು. ಧೂಳು ಬೇರೆ, ತುಕ್ಕು ಬೇರೆ. ಧೂಳು ಹೊದ್ದ ಕಾರು ಸಿಕ್ಕಿತೆಂದು ನನಗೆ ಫೋನ್ ಮಾಡುವವರಿಗೆ ನಾನು ಮೊದಲು ಹೇಳುವುದು ತೊಳೆಯಬೇಡಿ ಎಂದು. ಅದೇ ಸಂಗ್ರಹದಲ್ಲಿ ಬಯಲಿಗೆ ಬಿದ್ದು ಕೊಳೆತ ಮೈಗಳೂ ಇದ್ದವು. ಅವುಗಳ ಚಿತ್ರವನ್ನು ಯಾರೂ ಹಂಚುವುದಿಲ್ಲ.

ತುಮಕೂರಿನ ಸದಸ್ಯರು: ಸ್ಥಿತಿಗೆ 1, 2, 3 ಎಂದು ಅಂಕ ಕೊಡುತ್ತಾರಂತಲ್ಲ?

ಉತ್ತರ: ಹೌದು, ಅಮೆರಿಕದ ಹ್ಯಾಗರ್ಟಿ ಸಂಸ್ಥೆಯ ಬೆಲೆಪಟ್ಟಿಯಲ್ಲಿ 1ರಿಂದ 4ರವರೆಗೆ ಇದೆ. 1 ಎಂದರೆ ಸ್ಪರ್ಧೆಯ ವೇದಿಕೆಗೆ ಹೋಗುವ ಕಾರು, 4 ಎಂದರೆ ಓಡುತ್ತದೆ, ಆದರೆ ಕುಂದು ಕಣ್ಣಿಗೆ ಕಾಣುತ್ತದೆ. ಮಾರುವವರೆಲ್ಲ ತಮ್ಮ ಕಾರನ್ನು 2 ಎನ್ನುತ್ತಾರೆ. ನನ್ನ ಅನುಭವದಲ್ಲಿ ಅವುಗಳಲ್ಲಿ ಬಹುಪಾಲು 3.

ಶಿವಮೊಗ್ಗದ ಸದಸ್ಯರು: ಮರ್ಸಿಡಿಸ್ ಒಂದು 13.5 ಕೋಟಿ ಯೂರೋಗೆ ಹೋಯಿತು. ಇನ್ನು ಹಳೆಯ ಮರ್ಸಿಡಿಸ್‌ಗಳ ಬೆಲೆಯೆಲ್ಲ ಏರುವುದೇ?

ಉತ್ತರ: ಇಲ್ಲ. 2022ರ ಮೇ ತಿಂಗಳಿನಲ್ಲಿ ಸ್ಟುಟ್‌ಗಾರ್ಟಿನ ಸಂಗ್ರಹಾಲಯದಲ್ಲಿ ಮಾರಿದ್ದು 1955ರ 300 ಎಸ್‌ಎಲ್‌ಆರ್ ಉಲೆನ್‌ಹಾಟ್ ಕೂಪೆ. ಜಗತ್ತಿನಲ್ಲಿ ಅಂಥವು ಎರಡೇ. ಕಂಪನಿ ತನ್ನ ಕೈಯಿಂದಲೇ ಮೊದಲ ಬಾರಿಗೆ ಮಾರಿತು, ಹಣವನ್ನು ವಿದ್ಯಾರ್ಥಿವೇತನ ನಿಧಿಗೆ ಕೊಟ್ಟಿತು. ಅದನ್ನು ಇಟ್ಟುಕೊಂಡು ಬೇರೆ ಯಾವ ಕಾರಿನ ಬೆಲೆಯನ್ನೂ ಲೆಕ್ಕ ಹಾಕಲಾಗದು.

ಮೈಸೂರಿನ ಸದಸ್ಯರು: ಪತ್ರಿಕೆಯಲ್ಲಿ ಬರುವ ಹರಾಜಿನ ಬೆಲೆ ಮಾರಿದವನ ಕೈಗೆ ಬರುತ್ತದೆಯೇ?

ಉತ್ತರ: ಬಹಳ ಜನ ಎಡವುವುದು ಇಲ್ಲೇ. ಇಂಗ್ಲೆಂಡಿನ ಒಂದು ಲೆಕ್ಕ ಮಾಡೋಣ. ಕೊನೆಯ ಕೂಗಿಗೆ ಸುತ್ತಿಗೆ ಬಿದ್ದದ್ದು ಒಂದು ಲಕ್ಷ ಪೌಂಡಿಗೆ ಎನ್ನಿ. ಕೊಂಡವನಿಂದ ಹರಾಜು ಮನೆ 15 ಶೇಕಡಾ ಶುಲ್ಕ ತೆಗೆದುಕೊಂಡರೆ, ಆ ಶುಲ್ಕದ ಮೇಲೆ 20 ಶೇಕಡಾ ತೆರಿಗೆ ಸೇರಿ ಅವನು ಕೊಡುವುದು 1,18,000. ಮಾರಿದವನಿಂದ 5 ಶೇಕಡಾ ದಲ್ಲಾಳಿ ಶುಲ್ಕ ಮತ್ತು ಅದರ ತೆರಿಗೆ ಕಳೆದರೆ ಅವನಿಗೆ ಸಿಗುವುದು 94,000. ನಡುವೆ 24,000 ಪೌಂಡ್. ಸುದ್ದಿಯಲ್ಲಿ ಸಾಮಾನ್ಯವಾಗಿ ಬರುವುದು ಶುಲ್ಕ ಸೇರಿದ ದೊಡ್ಡ ಸಂಖ್ಯೆ. ಶುಲ್ಕದ ದರ ಹರಾಜು ಮನೆಯಿಂದ ಹರಾಜು ಮನೆಗೆ ಬದಲಾಗುತ್ತದೆ, ಷರತ್ತು ಓದಿ.

ಇನ್ನೊಂದು: ಮಾರಾಟವಾಗದ ಕಾರುಗಳನ್ನೂ ಗಮನಿಸಿ. ಮಾಲೀಕ ಗುಟ್ಟಾಗಿ ಇಟ್ಟ ಕನಿಷ್ಠ ಬೆಲೆಯನ್ನು ಕೂಗು ಮುಟ್ಟದಿದ್ದರೆ ಕಾರು ಮನೆಗೆ ವಾಪಸ್ಸು. ಹತ್ತರಲ್ಲಿ ನಾಲ್ಕು ಹೀಗೆ ಮರಳಿದ್ದರೆ, ಉಳಿದ ಆರರ ಬೆಲೆ ನೋಡಿ ಮಾರುಕಟ್ಟೆ ಏರುತ್ತಿದೆ ಎನ್ನಬಾರದು.

ಬೆಂಗಳೂರಿನ ಮತ್ತೊಬ್ಬ ಸದಸ್ಯರು: ಅಲ್ಲಿ ಕೊಂಡು ಇಲ್ಲಿಗೆ ತರಬಹುದೇ?

ಉತ್ತರ: ಸುಂಕವೇ ಕಾರಿನ ಬೆಲೆಯನ್ನು ಮೀರಿಸಬಹುದು. ಕೂಗುವ ಮೊದಲೇ ಸುಂಕದ ಲೆಕ್ಕ ಬಲ್ಲವರನ್ನು ಕೇಳಿ.

ಚಿಕ್ಕಮಗಳೂರಿನ ಸದಸ್ಯರು: ನನ್ನದು ಸಣ್ಣ ಪ್ರಶ್ನೆ. ತಂದೆಯವರು ಬಿಟ್ಟುಹೋದ 1968ರ ಫಿಯಟ್ 1100 ಮನೆಯ ಶೆಡ್ಡಿನಲ್ಲಿದೆ. ಹೊಸ ಬಣ್ಣ, ಅಲಾಯ್ ಚಕ್ರ, ಹೊಸ ಎಂಜಿನ್ ಹಾಕಿಸಿದರೆ ಒಳ್ಳೆಯ ಬೆಲೆ ಬರುತ್ತದೆ ಎನ್ನುತ್ತಾರೆ. ಮಾಡಿಸಲೇ?

ಉತ್ತರ: ಸಣ್ಣ ಪ್ರಶ್ನೆಯಲ್ಲ, ಇಷ್ಟು ಹೊತ್ತು ಬರೆದದ್ದೆಲ್ಲ ನಿಮ್ಮ ಶೆಡ್ಡಿಗೇ ಬರುತ್ತದೆ. ದಯವಿಟ್ಟು ಮಾಡಿಸಬೇಡಿ.

2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ "ವಿಎ" ಅಕ್ಷರಗಳಿರುವ ಫಲಕ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಚಾಸಿಸ್, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು ಎಂಬುದು ಅದರ ಷರತ್ತು. ಹೊಸ ಎಂಜಿನ್ ಹಾಕಿಸಿದರೆ ಆ ಬಾಗಿಲನ್ನು ನೀವೇ ಮುಚ್ಚಿಕೊಂಡಂತೆ. ಹೀಗೆ ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿಗೆ ಒಯ್ಯಬಹುದು.

ಫಿಯಟ್ 1100 ಕೋಟಿ ತರುವುದಿಲ್ಲ, ಆಸೆ ಹುಟ್ಟಿಸುವುದಿಲ್ಲ. ಈಗ ಮಾಡಬೇಕಾದದ್ದು ಇಷ್ಟು: ಟೈರುಗಳ ಕೆಳಗೆ ಹಲಗೆ ಕೊಡಿ, ಇಲಿ ಸೇರದಂತೆ ನೋಡಿ, ಹಳೆಯ ಪೆಟ್ರೋಲ್ ಖಾಲಿ ಮಾಡಿಸಿ. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಒಂದು ದಿನ ಬಿಟ್ಟು, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಿಸಿ. ಸ್ಟಾರ್ಟ್ ಮಾಡುವ ಆತುರ ಬೇಡ. ಆಮೇಲೆ ಮನೆಯ ಟ್ರಂಕು, ಬೀರು ಹುಡುಕಿ ಕಾಗದ ಕೂಡಿಸಿ.

ಅವರೇ, ಮರುದಿನ: ಎಲ್‌ಐಸಿ ಕಡತದಲ್ಲಿ ಕಾರು ಕೊಂಡ ದಿನದ ರಸೀದಿ ಸಿಕ್ಕಿತು. ಹಳೆಯ ಆರ್‌ಸಿ ಪುಸ್ತಕವೂ ಇದೆ. ಬಾನೆಟ್ ಕೆಳಗಿನ ಫಲಕದ ಸಂಖ್ಯೆ ಹೊಂದುತ್ತಿದೆ. ರಸೀದಿ ಮಡಿಕೆಯಲ್ಲಿ ಹರಿಯುತ್ತಿದೆ, ಲ್ಯಾಮಿನೇಟ್ ಮಾಡಿಸಲೇ?

ಉತ್ತರ: ಬೇಡ, ಶಾಖಕ್ಕೆ ಹಳೆಯ ಶಾಯಿ ಮಾಸಬಹುದು, ಮತ್ತೆ ಬಿಡಿಸಲಾಗದು. ಎರಡೂ ಬದಿಯ ಫೋಟೋ ತೆಗೆದಿಟ್ಟು, ಮಡಿಕೆ ಬಿಡಿಸಿ, ಬಿಳಿ ಕಾಗದದ ನಡುವೆ ಚಪ್ಪಟೆಯಾಗಿ ಇಡಿ. ಕಪಾಟಿನ ಮೇಲಿನ ಅರೆಯಲ್ಲಿಡಿ, ಮಲೆನಾಡಿನ ಮಳೆಗಾಲಕ್ಕೆ ಕೆಳಗಿನ ಅರೆ ತೇವ ಹಿಡಿಯುತ್ತದೆ. ತಂದೆಯವರು ಕಾರಿನ ಪಕ್ಕ ನಿಂತ ಫೋಟೋ ಇದ್ದರೆ ಅದನ್ನೂ ಅದೇ ಕಡತಕ್ಕೆ ಸೇರಿಸಿ, ಹಿಂದೆ ಪೆನ್ಸಿಲಿನಲ್ಲಿ ವರ್ಷ ಬರೆದಿಡಿ.