ಪ್ರಶ್ನೋತ್ತರ: ಮಹಡಿಗೆ ನೀರಿನ ಫೋರ್ಸ್ ಇಲ್ಲ, ಪಂಪ್ ಇಡಬೇಕೋ ಪೈಪ್ ಬದಲಿಸಬೇಕೋ?

ಪ್ರಶ್ನೆ (ಪೆರ್ಲದಿಂದ): ಹಳೆ ಮನೆ, ಪೂರ್ತಿ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ಲೈನ್. ಕೆಳಗೆ ಅಡುಗೆಕೋಣೆಯಲ್ಲಿ ನೀರು ಪರವಾಗಿಲ್ಲ. ಮಹಡಿಯ ಬಾತ್‌ರೂಮಿನಲ್ಲಿ ಶವರ್ ತಿರುಗಿಸಿದರೆ ನೂಲಿನ ಹಾಗೆ ಬರ್ತದೆ. ಬೆಳಿಗ್ಗೆ ಮೊದಲ ನೀರು ಕೆಂಪು. ಅಂಗಡಿಯವರು ಪ್ರೆಶರ್ ಪಂಪ್ ಇಡಿ ಅಂತಾರೆ. ತಾರಸಿಯಲ್ಲಿ ಸೋಲಾರ್ ಹೀಟರ್ ಸಹ ಉಂಟು. ಎಂತ ಮಾಡುದು ಅಣ್ಣ?

ಉತ್ತರ (ಪ್ಲಂಬರ್, ಬದಿಯಡ್ಕ): ಪಂಪ್ ಸದ್ಯಕ್ಕೆ ಬೇಡ ಅಕ್ಕ. ಮೊದಲು ಕೆಂಪು ಎಲ್ಲಿಂದ ಬರ್ತದೆ ನೋಡಿ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮೊದಲು ಬಿಳಿ ಬಕೆಟಿಗೆ ನೀರು ಬಿಡಿ. ಅರ್ಧ ಬಕೆಟ್ ಕೆಂಪು ಬಂದು ಆಮೇಲೆ ತಿಳಿಯಾದರೆ ಅದು ಪೈಪಿನ ತುಕ್ಕು. ತಿಳಿ ನೀರೇ ಬಂದು, ಬಕೆಟಿನಲ್ಲಿ ನಾಲ್ಕೈದು ಗಂಟೆ ನಿಂತ ಮೇಲೆ ಹಳದಿಯಾಗಿ ತಳದಲ್ಲಿ ಕಂದು ಹುಡಿ ಕೂತರೆ ನೀರಿನಲ್ಲೇ ಕಬ್ಬಿಣ ಉಂಟು. ನೀವು ಹೇಳುವ ಲಕ್ಷಣ ಮೊದಲನೆಯದ್ದು.

ನಮ್ಮ ಕಾಸರಗೋಡು ಕಡೆಯ ಮುರಕಲ್ಲು ಗುಡ್ಡೆಯ ಬಾವಿ ನೀರು ಹೆಚ್ಚಾಗಿ ಹುಳಿ ಗುಣದ್ದು. ಕುಡಿಯುವ ನೀರಿನ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟು ಹುಳಿ ಜಾಸ್ತಿ) 6.5ರಿಂದ 8.5ರ ಒಳಗಿರಬೇಕು, ಇಲ್ಲಿ ಎಷ್ಟೋ ಬಾವಿಗಳಲ್ಲಿ ಅದಕ್ಕಿಂತ ಕಡಿಮೆ. ಇಂಥ ನೀರು ಜಿಐ ಪೈಪಿನ ಸತುವಿನ ಲೇಪ ತಿಂದು ಕಬ್ಬಿಣಕ್ಕೆ ಕೈ ಹಾಕ್ತದೆ. ತುಕ್ಕು ಒಳಗೆ ಗಂಟು ಗಂಟಾಗಿ ಬೆಳೆದು, ಮುಕ್ಕಾಲು ಇಂಚಿನ ಪೈಪಿನಲ್ಲಿ ಪೆನ್ಸಿಲ್ ತೂರುವಷ್ಟೇ ಜಾಗ ಉಳಿಯುವುದುಂಟು. ಮೊದಲು ಕಟ್ಟುವುದು ಎಲ್ಬೋ (ತಿರುವಿನ ತುಂಡು) ಮತ್ತು ಥ್ರೆಡ್ ಇರುವ ಜಾಗ.

ಅದರ ಮೇಲೆ ಎತ್ತರದ ಲೆಕ್ಕ. ನೀರು ಒಂದು ಮೀಟರ್ ಎತ್ತರದಿಂದ ಇಳಿದರೆ ಸಿಗುವುದು 0.1 ಬಾರ್ (ಪ್ರೆಶರಿನ ಅಳತೆ). ತಾರಸಿಯ ಟ್ಯಾಂಕಿಯ ತಳ ಮಹಡಿಯ ಶವರಿಗಿಂತ ಹೆಚ್ಚೆಂದರೆ ಎರಡು ಮೀಟರ್ ಮೇಲೆ ಇರ್ತದೆ, ಅಂದರೆ 0.2 ಬಾರ್. ಅಡುಗೆಕೋಣೆಗೆ ಇನ್ನೂ ಮೂರು ನಾಲ್ಕು ಮೀಟರ್ ಜಾಸ್ತಿ ಸಿಗ್ತದೆ, ಹಾಗಾಗಿ ಅಲ್ಲಿ ತೊಂದರೆ ಗೊತ್ತಾಗುವುದಿಲ್ಲ. ತುಕ್ಕು ಹಿಡಿದ ಪೈಪಿಗೆ ಪಂಪ್ ಇಟ್ಟರೆ ಗೋಡೆಯೊಳಗೆ ತೆಳುವಾದ ಜಾಗ ತೂತಾಗ್ತದೆ. ಸೋಲಾರ್ ಬೇರೆ ಉಂಟಲ್ಲ: ಮೇಲೆ ಗಾಳಿ ಪೈಪ್ ಇರುವ ಸಾಮಾನ್ಯ ಸೋಲಾರ್ ಟ್ಯಾಂಕಿ ಪಂಪಿನ ಪ್ರೆಶರ್ ತಡೆಯುವುದಿಲ್ಲ. ಒಂದೋ ಗಾಳಿ ಪೈಪಿನಲ್ಲಿ ನೀರು ಉಕ್ಕುತ್ತದೆ, ಇಲ್ಲವೋ ಟ್ಯಾಂಕಿಯ ಬೆಸುಗೆ ಬಿಡ್ತದೆ.

ಟ್ಯಾಂಕಿಯಿಂದ ಇಳಿಯುವ ಮುಖ್ಯ ಲೈನ್ ಒಂದೂಕಾಲು ಇಂಚು, ಬಾತ್‌ರೂಮಿಗೆ ಮುಕ್ಕಾಲು, ನಲ್ಲಿಯ ಬಾಯಿಗೆ ಮಾತ್ರ ಅರ್ಧ. ಹೀಗೆ ಹೊಸದು ಎಳೆದರೆ ಪಂಪಿಲ್ಲದೆ ಸಾಕಾಗ್ತದೆ. ಗೋಡೆ ಒಡೆಯಬೇಕಾಗಿಲ್ಲ, ಹಳೆಯದನ್ನು ಒಳಗೇ ಬಿಟ್ಟು ಹೊಸ ಲೈನನ್ನು ಹೊರಗೋಡೆಯಲ್ಲಿ ಇಳಿಸಿ.

ಪ್ರಶ್ನೆ (ಕುಂಬಳೆಯಿಂದ): ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಪೈಪ್) ಕಡಿಮೆಗೆ ಸಿಗ್ತದಲ್ಲ, ಎಲ್ಲದಕ್ಕೂ ಅದನ್ನೇ ಹಾಕಿದರೆ ಎಂತ? ಕೀಲು ನಾವೇ ಅಂಟಿಸಬಹುದಾ?

ಉತ್ತರ: ತಣ್ಣೀರಿಗೆ ಧಾರಾಳ ಹಾಕಿ. ಬಿಸಿನೀರಿಗೆ ಬೇಡ, ಮೆತ್ತಗಾಗಿ ಕೀಲಿನಲ್ಲಿ ಬಿಡ್ತದೆ. ಸೋಲಾರ್, ಗೀಸರ್ ಲೈನಿಗೆ ಸಿಪಿವಿಸಿ (ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪ್) ಎಸ್‌ಡಿಆರ್ 11 (ಪೈಪಿನ ದಪ್ಪದ ದರ್ಜೆ), ಅದು 82 ಡಿಗ್ರಿಯವರೆಗೆ ಆಗ್ತದೆ. ಎರಡಕ್ಕೂ ಅಂಟು ಬೇರೆ ಬೇರೆ, ಯುಪಿವಿಸಿ ಅಂಟಿನಲ್ಲಿ ಸಿಪಿವಿಸಿ ಕೂರಿಸಬೇಡಿ.

ಅಂಟಿಸುವುದು ಕಷ್ಟ ಅಲ್ಲ, ಅವಸರ ಮಾಡಬಾರದು. ಪೈಪ್ ನೇರ ಕತ್ತರಿಸಿ, ಅಂಚಿನ ಒಳಹೊರಗಿನ ಚಿಂದಿಯನ್ನು ಚೂರಿಯಿಂದ ಹೆರೆದು ಒಣಬಟ್ಟೆಯಲ್ಲಿ ಒರೆಸಿ. ಅಂಟಿಲ್ಲದೆ ಸೇರಿಸಿದರೆ ಮೂರರಲ್ಲಿ ಎರಡು ಪಾಲು ಒಳಗೆ ಹೋಗಿ ಬಿಗಿಯಾಗಬೇಕು. ಆಮೇಲೆ ಪೈಪಿನ ಹೊರಗೆ ಧಾರಾಳವಾಗಿ, ಫಿಟ್ಟಿಂಗಿನ ಒಳಗೆ ತೆಳುವಾಗಿ ಅಂಟು ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಕೊನೆಯವರೆಗೆ ದೂಡಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಿಟ್ಟರೆ ಪೈಪ್ ತಾನೇ ಹಿಂದೆ ಬರ್ತದೆ, ಹೆಚ್ಚಿನ ಸೋರಿಕೆಗೆ ಕಾರಣ ಇದೇ. ಪೂರ್ತಿ ಪ್ರೆಶರಿನ ಪರೀಕ್ಷೆ ಮರುದಿನ. ಮಳೆಗಾಲದಲ್ಲಿ ಒದ್ದೆ ಪೈಪಿಗೆ ಅಂಟು ಹಿಡಿಯುವುದಿಲ್ಲ, ಈ ಕೆಲಸ ಜೂನ್ ಬರುವ ಮೊದಲೇ ಮುಗಿಸುವುದು ಒಳ್ಳೆಯದು.

ಗೀಸರಿನ, ಸೋಲಾರಿನ ಬಾಯಿಗೆ ಪ್ಲಾಸ್ಟಿಕ್ ಥ್ರೆಡ್ ಬೇಡ, ಹಿತ್ತಾಳೆ ಥ್ರೆಡ್ ಕೂರಿಸಿದ ಫಿಟ್ಟಿಂಗ್ ತೆಗೆಯಿರಿ. ಟೆಫ್ಲಾನ್ ಟೇಪ್ ಎಂಟು ಹತ್ತು ಸುತ್ತು, ಥ್ರೆಡ್ ಬಿಗಿಯುವ ದಿಕ್ಕಿನಲ್ಲೇ. ಸೆಣಬು, ಪೇಂಟ್ ಹಚ್ಚುವ ಹಳೆ ಪದ್ಧತಿ ಜಿಐಗೆ ಸರಿ, ಸಿಪಿವಿಸಿಗೆ ಎಣ್ಣೆ ಪೇಂಟ್, ಗ್ರೀಸ್ ತಾಗಿದರೆ ಬಿರುಕು ಬಿಡ್ತದೆ. ಬಿಸಿಲಿಗೆ ಬೀಳುವ ಪೈಪಿಗೆ ನೀರಿನಲ್ಲಿ ಕಲಸುವ ಪೇಂಟ್ ಮಾತ್ರ ಬಳಿಯಿರಿ.

ಪ್ರಶ್ನೆ (ಮುಳ್ಳೇರಿಯದಿಂದ): ನಮ್ಮದು ಸುರಂಗದ (ಗುಡ್ಡೆಗೆ ಅಡ್ಡಲಾಗಿ ಕೊರೆದ ಬಾವಿಯ) ನೀರು. ಗುಡ್ಡೆಯಿಂದ ಮನೆಗೆ ಸುಮಾರು 35 ಮೀಟರ್ ಎತ್ತರದ ಇಳಿಜಾರು, ಕಪ್ಪು ಪೈಪ್. ಎರಡು ದಿವಸ ಚೆನ್ನಾಗಿ ಬಂದು ಮತ್ತೆ ನಿಲ್ತದೆ. ಪೈಪ್ ಕಟ್ಟಿದ್ದಾ?

ಉತ್ತರ: ಕಟ್ಟಿದ್ದಕ್ಕಿಂತ ಗಾಳಿ ತುಂಬಿದ್ದೇ ಇರಬೇಕು. ಪೈಪ್ ಕಟ್ಟೆಯನ್ನೋ ದರೆಯನ್ನೋ ಹತ್ತಿ ಇಳಿಯುವಲ್ಲಿ ಉಬ್ಬಿನ ತುದಿಯಲ್ಲಿ ಗಾಳಿ ಸೇರಿ ನೀರನ್ನು ತಡೆಯುತ್ತದೆ. ಸಾಧ್ಯವಾದರೆ ಒಂದೇ ಇಳಿಜಾರಿನಲ್ಲಿ ಎಳೆಯಿರಿ. ಆಗದಿದ್ದರೆ ಉಬ್ಬಿನ ಮೇಲೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಅರ್ಧ ಇಂಚಿನ ನಲ್ಲಿ ಇಡಿ. ತೆರೆದರೆ ಮೊದಲು ಉಸ್ಸೆಂದು ಗಾಳಿ, ನಂತರ ನೀರು ಉಗುಳುತ್ತದೆ, ಸರಾಗ ಬಂದ ಮೇಲೆ ಮುಚ್ಚಿ. ಮೇಲಿನ ತೊಟ್ಟಿಯಲ್ಲಿ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗಿರಲಿ, ಬಲೆ ಕಟ್ಟಿರಲಿ. ಬೇಸಿಗೆಯಲ್ಲಿ ಮಟ್ಟ ಇಳಿದು ಬಾಯಿ ಗಾಳಿ ಎಳೆಯುವುದೇ ಈ ಎರಡು ದಿವಸದ ಲೆಕ್ಕಕ್ಕೆ ಕಾರಣ ಆಗಿರಬಹುದು. ಲೈನಿನ ಅತಿ ತಗ್ಗಿನಲ್ಲಿ ಕೆಸರು ಬಿಡಲಿಕ್ಕೆ ಒಂದು ವಾಲ್ವ್ ಬೇಕು.

35 ಮೀಟರ್ ಅಂದರೆ ನಿಂತ ನೀರಿಗೆ 3.5 ಬಾರ್. ಪಿಎನ್ 4 (4 ಬಾರ್ ತಡೆಯುವ) ಪೈಪ್ ಲೆಕ್ಕಕ್ಕೆ ಸರಿ ಅನಿಸಿದರೂ ವಾಲ್ವ್ ಥಟ್ಟನೆ ಮುಚ್ಚಿದಾಗಿನ ಹೊಡೆತಕ್ಕೆ ಸಾಲದು, ಪಿಎನ್ 6 ಹಾಕಿ. ಈ ಲೈನನ್ನು ನೇರವಾಗಿ ಸೋಲಾರಿಗೆ ಕೊಡಲೇಬೇಡಿ. ತಾರಸಿಯ ಟ್ಯಾಂಕಿಗೆ ಬಿಟ್ಟು, ತುಂಬಿ ಹರಿದದ್ದು ತೋಟಕ್ಕೆ ಹೋಗಲಿ.

ಪ್ರಶ್ನೆ (ಉಪ್ಪಳದಿಂದ): ಏಪ್ರಿಲ್, ಮೇಯಲ್ಲಿ ಬಾವಿ ನೀರು ಸ್ವಲ್ಪ ಉಪ್ಪು. ಕ್ರೋಮಿನ ನಲ್ಲಿಗಳು ಬೇಗ ಚುಕ್ಕೆ ಬೀಳ್ತವೆ.

ಉತ್ತರ: ಹೊರಗಿನ ನಲ್ಲಿಗಳಿಗೆ ಒಳ್ಳೆ ಪ್ಲಾಸ್ಟಿಕ್ ಸಾಕು, ಚಂದಕ್ಕೆ ದುಡ್ಡು ಹಾಕಬೇಡಿ. ಗೀಸರಿನೊಳಗೆ ಮೆಗ್ನೀಸಿಯಂ ಕೋಲು ಇರ್ತದೆ, ಟ್ಯಾಂಕಿಗೆ ಬದಲಾಗಿ ತಾನು ಕರಗುವುದೇ ಅದರ ಕೆಲಸ. ಉಪ್ಪು ನೀರಿಗೂ ಹುಳಿ ನೀರಿಗೂ ಅದು ಬೇಗ ಮುಗೀತದೆ. ವರ್ಷಕ್ಕೊಮ್ಮೆ ಕಳಚಿ ನೋಡಿ, ಒಳಗಿನ ಕಂಬಿ ಕಂಡರೆ ಬದಲಿಸಿ.

ಸೇರಿಕೆ (ಎಲೆಕ್ಟ್ರಿಷಿಯನ್, ಮಂಜೇಶ್ವರ): ಪೆರ್ಲದ ಅಕ್ಕ, ಜಿಐ ಲೈನ್ ಬದಲಿಸುವ ಮೊದಲು ಒಂದು ವಿಷಯ. ಹಳೆ ಮನೆಗಳಲ್ಲಿ ಅರ್ತ್ ತಂತಿಯನ್ನು ನೀರಿನ ಪೈಪಿಗೇ ಕಟ್ಟಿದ್ದುಂಟು. ಪೈಪ್ ಪ್ಲಾಸ್ಟಿಕ್ ಆದರೆ ಗೀಸರಿಗೆ ಅರ್ತೇ ಇಲ್ಲದ ಹಾಗೆ ಆಗ್ತದೆ. ಬಾತ್‌ರೂಮಿನ ಸ್ವಿಚ್‌ಬೋರ್ಡಿನಿಂದ ಹಸಿರು ತಂತಿ ಎಲ್ಲಿಗೆ ಹೋಗ್ತದೆ ನೋಡಿಸಿ. ಅಂಗಳದಲ್ಲಿ ಬೇರೆ ಅರ್ತ್ ಗುಂಡಿ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ.

ಪೆರ್ಲ: ನೋಡಿದೆವು ಅಣ್ಣ, ತಂತಿ ಪೈಪಿಗೇ ಸುತ್ತಿದ್ದಾರೆ.

ಎಲೆಕ್ಟ್ರಿಷಿಯನ್: ಹಾಗಾದರೆ ಪ್ಲಂಬರನ್ನು ಒಂದು ವಾರ ಮುಂದೆ ಹಾಕಿ, ಅಲ್ಲಿವರೆಗೆ ಆ ಪೈಪ್ ಕತ್ತರಿಸಬೇಡಿ.