ಎಲ್ಲಾರೂ ಕಳ್ಳರು ಅಂದ್ರ ಕೇಸ್ ಮುಗೀತೇನು?

ಅಳಿಯಾ, ನಾ ಗದಗ ರೋಡ್ ಮಾಮಾ ಮಾತಾಡಾಕತ್ತೇನಿ. ಇಷ್ಟುದ್ದ ಟೈಪ್ ಮಾಡಾಕ ನನ್ನ ಕಡೆ ಆಗೂದಿಲ್ಲ, ಅದಕ್ಕ ವಾಯ್ಸ್ ಬಿಡಾಕತ್ತೇನಿ. ಯಾರಿಗೆ ಬ್ಯಾಸರ ಅಕ್ಕೈತೋ ಅವರು ಸ್ಪೀಡ್ ಜಾಸ್ತಿ ಇಟ್ಟು ಕೇಳ್ರಿ, ಇಲ್ಲಾ ಬಿಟ್ಟುಬಿಡ್ರಿ, ನಾ ಏನೂ ಸಿಟ್ಟಾಗೂದಿಲ್ಲ.

ನಿನ್ನಿ ರಾತ್ರಿ ನೀ ನಮ್ಮ ಮನಿ ಗ್ರೂಪಿನ್ಯಾಗ ಒಂದ್ ವಿಡಿಯೋ ಹಾಕಿದಿ, ಯಾರ್ಯಾರು ಎಷ್ಟೆಷ್ಟ್ ಕೋಟಿ ತಿಂದ್ರು ಅಂತ. ಅದರ ಕೆಳಗ ನೀನ ಬರದಿ, "ಎಲ್ಲಾರೂ ಕಳ್ಳರ, ಇನ್ಮ್ಯಾಲೆ ನಾ ಓಟ ಹಾಕೂದಿಲ್ಲ, ಹಾಕಿದ್ರ ನೋಟಾನ" ಅಂತ. ಅದಕ್ಕ ನಿಮ್ಮ ಧಾರವಾಡ ಕಾಕಾರು "40 ಪರ್ಸೆಂಟ್ ಯಾರ ಕಾಲದಾಗಪಾ?" ಅಂದ್ರು, ಬಿಜೆಪಿ ಸರ್ಕಾರ ಇದ್ದಾಗಿನ ಗುತ್ತಿಗೆ ಕಮಿಷನ್ ಆರೋಪ ಅದು. ಗದಗಿನ ಬೀಗರು ಬಿಡ್ತಾರೇನು, "ವಾಲ್ಮೀಕಿ ನಿಗಮದ ರೊಕ್ಕ ಯಾರ ಕಾಲದಾಗ ಹೋತ್ರಿ?" ಅಂದ್ರು, ಪರಿಶಿಷ್ಟ ಪಂಗಡದವ್ರ ಅಭಿವೃದ್ಧಿ ನಿಗಮದ ಮಾತು, ಕಾಂಗ್ರೆಸ್ ಸರ್ಕಾರದ ಕಾಲದ್ದು. ಮುಂಜಾನೆ ಎದ್ದು ನೋಡಿದ್ರ ನೂರಾ ಚಿಲ್ಲರ ಮೆಸೇಜು. ನಾನೂ ಸುಮ್ನ ಇರಬೇಕಂತಿದ್ದೆ. ಆದ್ರ ಜೀವನಪೂರ್ತಿ ಕೋರ್ಟಿನ್ಯಾಗ ಬೆಂಚ್ ಕ್ಲರ್ಕ್ ಆಗಿ ಜಡ್ಜ್ ಸಾಹೇಬ್ರ ಕೆಳಗ ಕುಂತು ಕೇಸ್ ಕೂಗಿಸಿದಾಂವ ನಾ, ಇಂಥಾ ವಿಷಯದಾಗ ಬಾಯಿ ಮುಚ್ಚಿಕೊಂಡು ಕುಂದ್ರಾಕ ಆಗಲಿಲ್ಲ.

ಮೊದಲ ನೋಟಾ ಮಾತು ಮುಗಿಸಿಬಿಡ್ತೇನಿ. 2013ರಾಗ ಸುಪ್ರೀಂ ಕೋರ್ಟ್ ಹೇಳಿದ್ದಕ್ಕ 'ಇವರ್ಯಾರೂ ಬ್ಯಾಡ' ಅನ್ನೋ ಆ ಬಟನ್ ಬಂತು, ಖರೆ. ಆದ್ರ ಎಮ್ಮೆಲ್ಲೆ, ಎಂಪಿ ಇಲೆಕ್ಷನ್ನಿನ್ಯಾಗ ನೋಟಾಕ್ಕ ಎಲ್ಲಾರಕಿಂತ ಹೆಚ್ಚು ಓಟ ಬಿದ್ರೂ, ಅದರ ಕೆಳಗ ಯಾಂವ ಇರತಾನ ಅಂವನ ಗೆದ್ದಂಗ. ನಿನ್ನ ಸಿಟ್ಟು ಲೆಕ್ಕಕ್ಕ ಬರತೈತಿ, ಸೀಟಿಗೆ ಬರೂದಿಲ್ಲ. ಅಷ್ಟ ತಿಳಕೊಂಡು ಒತ್ತು, ನಾ ಬ್ಯಾಡ ಅನ್ನೂದಿಲ್ಲ.

ನನಗ ತ್ರಾಸ ಆಗಿದ್ದು ಆ "ಎಲ್ಲಾರೂ ಕಳ್ಳರ" ಅನ್ನೋದು. ತಮ್ಮಾ, ಚಾರ್ಜ್‌ಶೀಟಿನ್ಯಾಗ ಆರೋಪಿ ಹೆಸರು ಬರಿಯೋ ಜಾಗಾದಾಗ "ಎಲ್ಲಾರೂ" ಅಂತ ಬರಿಯಾಕ ಬರೂದಿಲ್ಲ. ಹೆಸರು ಬೇಕು, ತಂದಿ ಹೆಸರು ಬೇಕು, ಕಲಂ ಬೇಕು, ತಾರೀಖು ಬೇಕು. ಎಲ್ಲಾರೂ ಕಳ್ಳರು ಅಂತ ನೀ ಅಂದಿ ಅಂದ್ರ ಖರೆ ಕಳ್ಳ ಅದಾನಲ್ಲ, ಅಂವ ಆರಾಮ ಚಹಾ ಕುಡಿತಾನ. ನಾ ಒಬ್ಬನ ಏನು, ಊರ ತುಂಬಾ ಹಿಂಗ ಐತಿ ಅನ್ನಾಕ ಅವಗ ನೀನ ಸಾಕ್ಷಿ ಆದಿ.

ಕೇಸ್ ಎಲ್ಲಿ ಸಾಯ್ತೈತಿ ಅಂತ ನಾ ಕಣ್ಣಾರೆ ಕಂಡೇನಿ. ಲಂಚದ ಟ್ರ್ಯಾಪ್ ಕೇಸ್ ತೊಗೋ. ಲಂಚ ಕೇಳಿದವಗ ಕೊಡೋ ನೋಟಿಗೆ ಫಿನಾಫ್ತಲೀನ್ ಅಂತ ಪೌಡರ್ ಹಚ್ಚಿರತಾರ, ಕಣ್ಣಿಗೆ ಕಾಣೂದಿಲ್ಲ. ಅಂವ ನೋಟ್ ಮುಟ್ಟಿದ ಮ್ಯಾಲೆ ಸೋಡಿಯಂ ಕಾರ್ಬೋನೇಟ್ ಹಾಕಿದ ನೀರಾಗ ಅವನ ಕೈ ತೊಳಸತಾರ. ನೀರು ಗುಲಾಬಿ ಅಕ್ಕೈತಿ. ಆ ನೀರು ಬಾಟ್ಲಿಗೆ ತುಂಬಿ, ಅರಗಿನ ಸೀಲ್ ಹಾಕಿ, ಪಂಚರ, ಅಂದ್ರ ಸಾಕ್ಷಿಗಂತ ಕರದವರ, ಸಹಿ ಇರೋ ಚೀಟಿ ಹಚ್ಚಿ ಮುದ್ದೆಮಾಲು ಅಂತ, ಅಂದ್ರ ಸಾಕ್ಷಿಯ ವಸ್ತು ಅಂತ ಇಡತಾರ. ಪೇಪರಿನವ್ರು ಮರುದಿನಾನ "ಬಲೆಗೆ ಬಿದ್ದ ಅಧಿಕಾರಿ" ಅಂತ ಹಾಕತಾರ, ನಾವೆಲ್ಲಾ ಹಲ್ಕಿಸಿದು ಓದ್ತೇವಿ. ಆಮೇಲೆ? ಲ್ಯಾಬ್ ರಿಪೋರ್ಟ್ ಬರಬೇಕು, ಸರ್ಕಾರದ ಅನುಮತಿ ಬರಬೇಕು, ಚಾರ್ಜ್‌ಶೀಟ್ ಆಗಬೇಕು. ಬಾಟ್ಲಿ ನನ್ನ ಟೇಬಲ್ ಮ್ಯಾಲೆ ಬರೂದ್ರಾಗ ವರ್ಷಗಟ್ಟಲೆ ಆಗಿರತಿತ್ತು. ಚೀಟಿ ಹಳದಿ ಬಿದ್ದಿರತಿತ್ತು, ಒಳಗಿನ ನೀರು ಮಳಿ ನೀರಿನಂಗ ಬೆಳ್ಳಗ. ಗುಲಾಬಿ ಬಣ್ಣ ಹಾರಿಹೋಗಿರತಿತ್ತು. ಆರೋಪಿ ವಕೀಲರು ಆ ಬಾಟ್ಲಿ ಕಿಟಕಿ ಬೆಳಕಿಗೆ ಎತ್ತಿ ಹಿಡದು ಪಂಚನಿಗೆ "ಇದು ಗುಲಾಬಿ ಐತೇನ್ರಿ?" ಅಂತ ಕೇಳೋರು. ಪಂಚ ಅಂದ್ರ ಬ್ಯಾರೆ ಇಲಾಖೆ ನೌಕರ, ಅಷ್ಟೊತ್ತಿಗೆ ರಿಟೈರ್ ಆಗಿ ಕೈಯಾಗ ಬಡಗಿ ಹಿಡಕೊಂಡು ಬಂದಿರತಿದ್ದ. "ಭಾಳ ದಿನ ಆತ್ರಿ, ನೆನಪಿಲ್ಲ" ಅನ್ನಾಂವ.

ಬಣ್ಣ ಹೋತು ಅಂತ ಕೇಸ್ ಬೀಳೂದಿಲ್ಲ, ಲ್ಯಾಬ್ ರಿಪೋರ್ಟ್ ಇರತೈತಿ. ಕೇಸ್ ಬೀಳೂದು ಮನಶ್ಯಾರಿಂದ. ದೂರು ಕೊಟ್ಟಾಂವನ ಕಟಕಟಿಗೆ ಬಂದು "ಅದು ಕೈಗಡ ರೊಕ್ಕ ಸಾಹೇಬ್ರ" ಅಂತಿದ್ದ. ನಡುವ ಯಾರ್ಯಾರು ಅವನ ಮನಿಗೆ ಹೋಗಿ ಬಂದಿರ್ತಾರೋ ದೇವರಿಗೇ ಗೊತ್ತು. ದೂರುದಾರ ತಿರುಗಿಬಿದ್ರೂ ಬ್ಯಾರೆ ಸಾಕ್ಷಿ ಗಟ್ಟಿ ಇದ್ರ ಶಿಕ್ಷೆ ಕೊಡಬಹುದು ಅಂತ 2022ರ ಡಿಸೆಂಬರಿನ್ಯಾಗ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ ಹೇಳೇತಿ. ಚಲೋ ಆತು. ಆದ್ರ ಇದು ಗುಮಾಸ್ತರ ಮಟ್ಟದ ಕೇಸಿನ ಕತಿ. ದೊಡ್ಡವರದು ಇನ್ನೂ ದೊಡ್ಡದೈತಿ.

ನಿನಗ ನೆನಪೈತೋ ಇಲ್ಲೋ, ನಮ್ಮ ಮನಿ ಮುಂದಿನ ಗದಗ ರೋಡು ಆಗ ನ್ಯಾಷನಲ್ ಹೈವೇ 63. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಅಣ್ಣಿಗೇರಿ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅಂಕೋಲಾ. ಅಂಕೋಲಾ ಹತ್ತಿರನ ಬೇಲೆಕೇರಿ ಬಂದರ. 2008-09ರ ಸುಮಾರಿಗೆ ರಾತ್ರಿ ಕಬ್ಬಿಣದ ಅದಿರಿನ ಲಾರಿ ಹೆಂಗ ಹೊಂಟಿದ್ವು ಅಂದ್ರ ಮನ್ಯಾಗ ಪಾತ್ರಿ ತಾವ ಬಡಕೋತಿದ್ವು. ಮುಂಜಾನೆ ಕಟ್ಟಿ ಒರಸಿದ್ರ ಅರಬಿ ಕೆಂಪಾಗತಿತ್ತು. ನಿಮ್ಮತ್ತಿ ಮಾಳಗಿ ಮ್ಯಾಲೆ ಹಪ್ಪಳ ಒಣಹಾಕೂದ ಬಿಟ್ಟಿದ್ಲು. ಬಳ್ಳಾರಿ ಗುಡ್ಡ ನಮ್ಮ ಬಾಗಿಲ ಮುಂದ ಹಾದು ಚೀನಾಕ್ಕ ಹೊಂಟೈತಿ ಅಂತ ನಾವು ನಗತಿದ್ವಿ. ನಗೋ ವಿಷಯ ಆಗಿರಲಿಲ್ಲ ಅದು.

2010ರಾಗ ಅರಣ್ಯ ಇಲಾಖೆಯವ್ರು ಬೇಲೆಕೇರ್ಯಾಗ ಲಕ್ಷಗಟ್ಟಲೆ ಟನ್ ಅದಿರು ಜಪ್ತಿ ಮಾಡಿದ್ರು. ಜಪ್ತಿ ಮಾಡಿದ ಮಾಲು ಅಲ್ಲಿಂದನ ಹಡಗ ಹತ್ತಿ ಹೋತು. ಕಳ್ಳತನ ಹಿಡದ ಅಧಿಕಾರಿನ್ನ ಸಸ್ಪೆಂಡ್ ಮಾಡ್ರಿ ಅಂತ ಮ್ಯಾಲಿಂದ ಮಾತು ಬಂತು. ಅದಕ್ಕ ಬ್ಯಾಸತ್ತು ಆ ಜೂನಿನ್ಯಾಗ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ರಾಜೀನಾಮೆ ಕೊಟ್ರು, ಆಮೇಲೆ ವಾಪಸ್ ತೊಗೊಂಡ್ರು. 2011ರ ಜುಲೈ ಕೊನಿಗೆ ಅವರ ರಿಪೋರ್ಟ್ ಬಂತು, ಸರ್ಕಾರಕ್ಕ 16 ಸಾವಿರ ಕೋಟಿ ಮ್ಯಾಲೆ ಲುಕ್ಸಾನು ಅಂತ. ಯಡಿಯೂರಪ್ಪನವರು ಮುಖ್ಯಮಂತ್ರಿ ಸ್ಥಾನ ಬಿಟ್ರು, ಅಕ್ಟೋಬರಿನ್ಯಾಗ ಬ್ಯಾರೆ ಒಂದು ಭೂಮಿ ಡಿನೋಟಿಫಿಕೇಶನ್ ಕೇಸಿನ್ಯಾಗ ಜೈಲಿಗೂ ಹೋದ್ರು. ಗಣಿ ಲಂಚದ ಕೇಸಿನ್ಯಾಗ 2016ರಾಗ ಸಿಬಿಐ ಕೋರ್ಟ್ ಅವರನ್ನ ಖುಲಾಸೆ ಮಾಡಿತು, 2019ರಾಗ ಮತ್ತ ಮುಖ್ಯಮಂತ್ರಿ ಆದ್ರು. ಬೇಲೆಕೇರಿ ಕೇಸಿನ್ಯಾಗ ಕಾರವಾರದ ಶಾಸಕ ಸತೀಶ್ ಸೈಲ್ ಅವರಿಗೆ ಏಳು ವರ್ಷ ಶಿಕ್ಷೆ ಅಂತ ಆಗಿದ್ದು 2024ರ ಅಕ್ಟೋಬರಿನ್ಯಾಗ. ಮುಂದಿನ ತಿಂಗಳ ಹೈಕೋರ್ಟ್ ಆ ಶಿಕ್ಷೆ ಅಮಾನತಿನ್ಯಾಗ ಇಟ್ಟಿತು. ಜನಾರ್ದನ ರೆಡ್ಡಿ ಅವರ ಓಬಳಾಪುರಂ ಗಣಿ ಕೇಸ್ ಸಿಬಿಐ ದಾಖಲ ಮಾಡಿದ್ದು 2009ರಾಗ, ಹೈದರಾಬಾದ್ ಕೋರ್ಟಿನ ತೀರ್ಪು ಬಂದಿದ್ದು 2025ರ ಮೇದಾಗ. ಏಳು ವರ್ಷ ಅಂದ್ರು, ಗಂಗಾವತಿ ಶಾಸಕ ಸ್ಥಾನ ಹೋತು. ಜೂನಿನ್ಯಾಗ ತೆಲಂಗಾಣ ಹೈಕೋರ್ಟ್ ತಡೆ ಕೊಟ್ಟಿತು, ಶಾಸಕ ಸ್ಥಾನ ತಿರುಗಿ ಬಂತು.

ಅಪೀಲ್ ಮುಗಿಯೋತನಕ ಇವರು ತಪ್ಪಿತಸ್ಥರು ಅಂತ ನಾ ಅನ್ನಾಂವಲ್ಲ, ಕೋರ್ಟಿನ ಉಪ್ಪು ತಿಂದಾಂವ. ನಾ ಕೇಳೂದು ಇಷ್ಟ. 2009ರಾಗ ನೀ ಎಷ್ಟನೇ ಇಯತ್ತೆ ಇದ್ದಿ? ಈಗ ನಿನ್ನ ಮಗಳು ಶಾಲಿಗೆ ಹೊಂಟಾಳ. ಒಂದ್ ಪೀಳಿಗಿ ದೊಡ್ಡದಾತು, ಕೇಸ್ ಇನ್ನೂ ಅಪೀಲಿನ್ಯಾಗ ಐತಿ. ನಿರಪರಾಧಿ ಇದ್ರ ಅವಗೂ ಇದು ಅನ್ಯಾಯ, ಅಪರಾಧಿ ಇದ್ರ ನಮಗ.

ನಿಮ್ಮ ಕಾಕಾರಿಗೂ ಬೀಗರಿಗೂ ಒಂದ ಮಾತು ಹೇಳ್ತೇನಿ, ತಪ್ಪು ತಿಳಕೋಬ್ಯಾಡ್ರಿ. ನೀವಿಬ್ಬರೂ ಹೇಳಿದ ಪ್ರಕರಣ ನಡದಾವ. 40 ಪರ್ಸೆಂಟ್ ಕಮಿಷನ್ ಕೇಳ್ತಾರ ಅಂತ ಗುತ್ತಿಗೆದಾರರ ಸಂಘದವ್ರು ಪ್ರಧಾನಿಗೆ ಪತ್ರ ಬರದಿದ್ದು 2021ರಾಗ. 2022ರ ಏಪ್ರಿಲಿನ್ಯಾಗ ಬೆಳಗಾವಿ ಕಡೆ ಗುತ್ತಿಗೆದಾರರೊಬ್ಬರು ಉಡುಪಿ ಲಾಡ್ಜಿನ್ಯಾಗ ಸತ್ರು, ಈಶ್ವರಪ್ಪನವರು ಮಂತ್ರಿ ಪದವಿ ಬಿಟ್ರು, ಜುಲೈದಾಗ ಪೊಲೀಸ್ರು ಸಾಕ್ಷಿ ಇಲ್ಲ ಅಂತ ಕೇಸ್ ಮುಚ್ಚೋ ಬಿ ರಿಪೋರ್ಟ್ ಹಾಕಿದ್ರು. 2024ರ ಮೇದಾಗ ವಾಲ್ಮೀಕಿ ನಿಗಮದ ಲೆಕ್ಕದ ಅಧಿಕಾರಿಯೊಬ್ಬರು ಚೀಟಿ ಬರದಿಟ್ಟು ಜೀವ ಬಿಟ್ರು, ಜೂನಿನ್ಯಾಗ ನಾಗೇಂದ್ರ ಅವರು ಮಂತ್ರಿ ಪದವಿ ಬಿಟ್ರು, ಜುಲೈದಾಗ ಇ.ಡಿ. ಹಿಡೀತು, ಅಕ್ಟೋಬರಿನ್ಯಾಗ ಜಾಮೀನು ಆತು. ಎರಡೂ ಕಡೆ ಒಂದೊಂದು ಮನಿಯ ಜೀವ ಹೋಗಿದ್ದು ಹೋತು. ನೀವು ಮಾತ್ರ ಎದುರಿನ ಪಾರ್ಟಿ ಕೇಸಿಗೆ ಲೆಕ್ಕ ಕೇಳ್ತೀರಿ, ನಿಮ್ಮ ಪಾರ್ಟಿದು ಬಂದ್ರ "ರಾಜಕೀಯ ಪಿತೂರಿ" ಅಂತೀರಿ. ರಾಜೀನಾಮೆ ಕೊಟ್ಟ ದಿನ ಟಿವ್ಯಾಗ ಕುಣಿದಾಡ್ತೀರಿ. ರಾಜೀನಾಮೆ ಅಂದ್ರ ಖುರ್ಚಿಯಿಂದ ಎದ್ದದ್ದು ಅಷ್ಟ. ರೊಕ್ಕ ತಿರುಗಿ ಬಂತೇನು, ಚಾರ್ಜ್ ಫ್ರೇಮ್ ಆತೇನು, ಸಾಕ್ಷಿ ಎಷ್ಟ್ ಮಂದಿದು ಆತು, ಅದನ್ನ ಯಾರೂ ಕೇಳೂದಿಲ್ಲ.

ಕೇಳಬೇಕಾದ ಜಾಗಾ ಎಲ್ಲಿ ಅಂದ್ರ ಅನುಮತಿ. ಭ್ರಷ್ಟಾಚಾರ ತಡೆ ಕಾಯ್ದೆ 19ನೇ ಕಲಂ ಪ್ರಕಾರ ಕೋರ್ಟ್ ಕೇಸ್ ಕೈಗೆ ತೊಗೋಬೇಕಂದ್ರ ಮೊದಲ ಸಕ್ಷಮ ಪ್ರಾಧಿಕಾರದ, ಅಂದ್ರ ಅವನನ್ನ ಹುದ್ದೆಯಿಂದ ತಗಿಯೋ ಅಧಿಕಾರ ಇದ್ದವರ, ಮಂಜೂರಾತಿ ಬೇಕು. 2018ರಾಗ 17ಎ ಅಂತ ಒಂದು ಸೇರಿಸಿದ್ರು, ಅಧಿಕಾರದಾಗ ತೊಗೊಂಡ ತೀರ್ಮಾನದ ಬಗ್ಗೆ ತನಿಖೆ ಶುರು ಮಾಡಾಕೂ ಮೊದಲ ಒಪ್ಪಿಗಿ ಬೇಕು ಅಂತ. ಪ್ರಾಮಾಣಿಕ ಅಧಿಕಾರಿಗೆ ಸುಳ್ಳ ಕೇಸಿನ ಕಾಟ ಇರಬಾರದು ಅನ್ನೋ ಕಾರಣ ಕೊಡ್ತಾರ, ಅದರಾಗೂ ಹುರುಳಿಲ್ಲ ಅಂತಲ್ಲ. ಆದ್ರ ಫೈಲ್ ಅಲ್ಲೇ ಕುಂತ್ರ ಎಬ್ಬಸಾವ್ರು ಯಾರು? ಇನ್ನ ಲೋಕಾಯುಕ್ತದ ಕತಿ ನಿಮಗೆಲ್ಲಾ ಗೊತ್ತೈತಿ. 2015ರಾಗ ಆ ಕಚೇರಿ ಒಳಗನ ವಸೂಲಿ ಹಗರಣ ಹೊರಗ ಬಂತು, ಲೋಕಾಯುಕ್ತರ ಮಗನ್ನ ಹಿಡದ್ರು, ಬೇಲಿನ ಹೊಲ ಮೇಯ್ದಂಗ ಆತು. ಮುಂದಿನ ವರ್ಷ ಸರ್ಕಾರ ಎಸಿಬಿ, ಅಂದ್ರ ಭ್ರಷ್ಟಾಚಾರ ನಿಗ್ರಹ ದಳ ಅಂತ ತನ್ನ ಕೈಯಾಗ ಒಂದು ಮಾಡಿಕೊಂಡಿತು. 2022ರ ಆಗಸ್ಟಿನ್ಯಾಗ ಹೈಕೋರ್ಟ್ ಅದನ್ನ ರದ್ದು ಮಾಡಿತು. ಆ ಆರು ವರ್ಷ ಹೋದ್ವಲ್ಲ.

ಬೆಂಗಳೂರಿನ ಮಾತು ಬಿಡು. 2019ರ ಮಾರ್ಚ್ 19ಕ್ಕ ಧಾರವಾಡ ಕುಮಾರೇಶ್ವರ ನಗರದಾಗ ಕಟ್ಟಾಕತ್ತಿದ್ದ ಬಿಲ್ಡಿಂಗ್ ಕುಸದು 19 ಮಂದಿ ಸತ್ರು. ನಿಮ್ಮ ಕಾಕಾರು ರಾತ್ರೆಲ್ಲಾ ಅಲ್ಲಿ ನೀರಿನ ಬಾಟ್ಲಿ ಹಂಚಿದ್ರು, ಆಗ ಗ್ರೂಪಿನ್ಯಾಗ ಎಲ್ಲಾರೂ ಕೈ ಮುಗಿಯೋ ಚಿತ್ರ ಹಾಕಿದ್ವಿ. ಆಮೇಲೆ ಈ ಗ್ರೂಪಿನ್ಯಾಗ ಒಬ್ಬರರ "ಆ ಕೇಸ್ ಎಲ್ಲಿಗೆ ಬಂತು" ಅಂತ ಕೇಳೇರೇನು? ಪ್ಲ್ಯಾನ್ ಯಾರು ಮಂಜೂರ ಮಾಡಿದ್ರು, ಸಾಕ್ಷಿ ಯಾವಾಗ? ನಿಮ್ಮ ಕಾಕಾರ ಊರಾಗಿನ ಕೇಸು ಅದು.

ಕೇಳಿದವ್ರು ನಮ್ಮ ಕಡೆ ಇಲ್ಲ ಅಂತಲ್ಲ. ಬಳ್ಳಾರಿ ಗಣಿ ಮ್ಯಾಲೆ ಸುಪ್ರೀಂ ಕೋರ್ಟಿಗೆ ಹೋದದ್ದು ಯಾವ ಪಾರ್ಟಿನೂ ಅಲ್ಲ, ನಮ್ಮ ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರು. 2009ರಾಗ ಹೋದ್ರು, 2011ರ ಜುಲೈದಾಗ ಕೋರ್ಟ್ ಬಳ್ಳಾರಿ ಗಣಿ ಬಂದ್ ಮಾಡಸಿತು. ನಿಮ್ಮತ್ತಿ ಮತ್ತ ಹಪ್ಪಳ ಒಣಹಾಕಿದ್ದು ಹಂಗ! ಅವರು ಅದಕ್ಕೂ ಮೊದಲ, 1987ರಾಗ, ಹಾನಗಲ್ ಕಡೆ ಕುಸನೂರಿನ್ಯಾಗ "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ಮಾಡಿಸಿದವ್ರು. ಊರ ಮಂದಿ ದನ ಮೇಸೋ ಜಾಗಾದಾಗ ರೇಯಾನ್ ನೂಲಿನ ತಿರುಳು ಮಾಡೋ ಹರಿಹರದ ಫ್ಯಾಕ್ಟರಿಗಂತ ನೀಲಗಿರಿ ಹಚ್ಚಿದ್ರು, ಜನ ಅದನ್ನ ಕಿತ್ತು ತಮಗ ಬೇಕಾದ ಗಿಡ ಹಚ್ಚಿದ್ರು. ಬೀಗರ, ನಿಮಗ ನರಗುಂದದ್ದು ನಾ ಹೇಳಬೇಕಾಗಿಲ್ಲ. 1980ರ ಜುಲೈ 21, ನೀರಾವರಿ ಆತಂತ ಹೊಲಕ್ಕ ಹಾಕಿದ ಬೆಟರ್‌ಮೆಂಟ್ ಲೆವಿ ಕರ ಒಲ್ಲೆವು ಅಂದ ರೈತರ ಮ್ಯಾಲೆ ಗುಂಡು. 1983ರಾಗ ಗುಂಡೂರಾಯರ ಸರ್ಕಾರನ ಹೋತು.

ಅಷ್ಟ ದೊಡ್ಡದು ನಮ್ಮ ಕಡೆ ಆಗೂದಿಲ್ಲ ಅಂತೀರಿ. ಬ್ಯಾಡ. ನಮ್ಮ ಓಣ್ಯಾಗ ಗಟಾರ ಕಟ್ಟಿದ್ರಲ್ಲ, ಮೊದಲನೇ ಮಳಿಗೇ ಸ್ಲ್ಯಾಬ್ ಕುಸಿತು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನ ಅರ್ಜಿ ಕೊಟ್ಟೆ. ಜಾಣರು ಕತಿ ಬರೀತಾರ ಅದರಾಗ. ನಮ್ಮ ರಾಜ್ಯದ ನಿಯಮದಾಗ ಒಂದ ವಿಷಯ, 150 ಶಬ್ದದೊಳಗ ಇರಬೇಕು. ನಾ ಕೇಳಿದ್ದು ಎಸ್ಟಿಮೇಟ್ ಪ್ರತಿ, ಅಳತಿ ಪುಸ್ತಕದ ಪ್ರತಿ, ಕೆಲಸ ಕೆಟ್ರ ಗುತ್ತಿಗೆದಾರ ತನ್ನ ಖರ್ಚಿನ್ಯಾಗ ರಿಪೇರಿ ಮಾಡಬೇಕಾದ ಅವಧಿ ಎಲ್ಲಿತನಕ ಅಂತ. ಉತ್ತರ ಕೊಡಾಕ ಅವರಿಗೆ ಮೂವತ್ತು ದಿನ ಇರತಾವ. ಉತ್ತರಕಿಂತ ಮೊದಲ ಸಿಮೆಂಟ್ ಗಾಡಿ ಬಂತು. ಅಳತಿ ಪುಸ್ತಕ ಮಾತ್ರ ಇನ್ನೂ ಕೊಟ್ಟಿಲ್ಲ, ಮೊದಲನೇ ಮೇಲ್ಮನವಿ ಹಾಕೇನಿ.

ಅಳಿಯಾ, ನೀ ಕಂಪ್ಯೂಟರ್ ಹುಡುಗ, ಒಂದ್ ಕೆಲಸ ಮಾಡು. ಫೋನಿನ್ಯಾಗ ಇ-ಕೋರ್ಟ್ಸ್ ಆ್ಯಪ್ ಹಾಕೋ. ಕೇಸ್ ನಂಬರ್ ಇಲ್ಲಾ ಪಾರ್ಟಿ ಹೆಸರು ಹಾಕಿದ್ರ ಯಾವ ಕೋರ್ಟು, ಯಾವ ಹಂತ, ಮುಂದಿನ ಮುದ್ದತ್ತು ಯಾವಾಗ, ಎಲ್ಲಾ ಬರತೈತಿ. ನಾವು ಕಟ್ಟಿಗೆ ಬೀರುದಾಗ ರಜಿಸ್ಟರ್ ತಗದು ಹುಡುಕತಿದ್ವಿ, ನಿಮಗ ಬಟ್ಟಿನ ತುದ್ಯಾಗ ಐತಿ. ಮೊದಲ ಧಾರವಾಡ ಬಿಲ್ಡಿಂಗಿಂದ ಹುಡುಕು. ಸಿಕ್ರ ತಾರೀಖು ಗ್ರೂಪಿನ್ಯಾಗ ಹಾಕು. ಆ ದಿನ ನಾನೂ ನಿಮ್ಮ ಕಾಕಾರೂ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನ್ಯಾಗ ಕುಂದ್ರತೇವಿ, ಕುಂದ್ರಾಕ ಯಾರ ಅಪ್ಪಣಿನೂ ಬೇಕಾಗಿಲ್ಲ. ಕಾಕಾರ, ಬರ್ತೀರಿಲ್ಲೋ? ಪಾರ್ಟಿ ಮಾತು ಆಡಿದ್ರ ಚಹಾ ಖರ್ಚು ನಿಮ್ಮದು.

ಮತ್ತ, ಬರೋ ಐತಾರ ಹಾವೇರ್ಯಾಗ ಅಕ್ಕನ ಮೊಮ್ಮಗನ ಜಾವಳ ಐತಿ. ಎಷ್ಟ್ ಮಂದಿ ಬರ್ತೀರಿ, ಅಡಗಿಯವಗ ಹೇಳಬೇಕು ಅಂತ ಆಕಿ ಮೊನ್ನೆ ಕೇಳ್ಯಾಳ. ನೂರು ಮೆಸೇಜಿನ್ಯಾಗ ಒಬ್ಬರೂ ಉತ್ತರ ಕೊಟ್ಟಿಲ್ಲ. ನಾವಿಬ್ಬರೂ ಬರ್ತೇವಿ, ಉಳದವ್ರು ಇವತ್ತ ಹೇಳ್ರಿ.