ಉಚಿತ ಜಾಲತಾಣಗಳನ್ನು ಬಿಟ್ಟು ಬದುಕಲು ಸಾಧ್ಯವೇ?

ಶಿರಸಿಯ ಪದವಿ ವಿದ್ಯಾರ್ಥಿನಿ:
ಅಡಿಕೆ ಧಾರಣೆಯಿಂದ ಹಿಡಿದು ಬೇಡರ ವೇಷದ ವಿಡಿಯೊದವರೆಗೆ ನಮ್ಮೂರಿನ ಸುದ್ದಿಯೆಲ್ಲ ಹರಿದಾಡುವ ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಮ್ ಎರಡೂ ಒಂದೇ ಕಂಪನಿಯ ಒಡೆತನದಲ್ಲಿವೆ. ಫೇಸ್‌ಬುಕ್ 2012ರಲ್ಲಿ ಇನ್‌ಸ್ಟಾಗ್ರಾಮನ್ನು ಖರೀದಿಸಿತು, 2014ರಲ್ಲಿ ವಾಟ್ಸ್‌ಆ್ಯಪನ್ನು. ಇಷ್ಟು ಹಿಡಿತವನ್ನು ಒಬ್ಬರ ಕೈಗೆ ಒಪ್ಪಿಸಿ ನಾವು ನೆಮ್ಮದಿಯಿಂದ ಇರುವುದು ಸರಿಯೇ?

ಕಾರವಾರದ ಓದುಗ:
ತಂಗಿ, ಪ್ರಶ್ನೆ ಸಕಾಲಿಕವಾಗಿದೆ. ಇನ್‌ಸ್ಟಾಗ್ರಾಮ್ ತೆರೆದಾಗ ಯಾವ ಜಾಹೀರಾತು ಕಾಣಿಸಬೇಕೆಂಬುದು ಕ್ಷಣಾರ್ಧದ ಹರಾಜಿನಲ್ಲಿ ನಿರ್ಧಾರವಾಗುತ್ತದೆ. ನೀವು ಯಾವ ವಿಡಿಯೊದ ಮೇಲೆ ಎಷ್ಟು ಹೊತ್ತು ನಿಂತಿರಿ ಎಂಬಂಥ ವಿವರಗಳಿಂದ ನಿಮ್ಮ ಆಸಕ್ತಿಯನ್ನು ಊಹಿಸಲಾಗುತ್ತದೆ. ಅಲ್ಲಿ ಶಾಂತವಾದ ಮಾತಿಗಿಂತ ಜಗಳಕ್ಕೆ ಹೆಚ್ಚು ಜನ ಸೇರುತ್ತಾರೆ; ಜನ ಹೆಚ್ಚು ಹೊತ್ತು ನಿಂತಷ್ಟೂ ಹೆಚ್ಚು ಜಾಹೀರಾತು ತೋರಿಸಬಹುದಾದ್ದರಿಂದ ಕಂಪನಿಗೆ ಅದರಿಂದ ನಷ್ಟವೇನೂ ಇಲ್ಲ.

ಕುಮಟಾದ ಶಿಕ್ಷಕ:
ನನ್ನ ಆತಂಕ ಬೇರೆ. 2004ರಲ್ಲಿ ಆರಂಭವಾಗಿ ಭಾರತದಲ್ಲಿ ಬಹಳ ಜನಪ್ರಿಯವಾಗಿದ್ದ ಆರ್ಕುಟ್ ಎಂಬ ಸಾಮಾಜಿಕ ಜಾಲತಾಣವನ್ನು ಗೂಗಲ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ರಾತ್ರಿಯಿಡೀ ಕುಳಿತು ಚಿತ್ರೀಕರಿಸಿದ ಯಕ್ಷಗಾನ ಪ್ರಸಂಗಗಳನ್ನು ಯೂಟ್ಯೂಬ್‌ಗೆ ಏರಿಸಿ, ಮೊಬೈಲಿನಲ್ಲಿ ಜಾಗವಿಲ್ಲವೆಂದು ಮೂಲವನ್ನೇ ಅಳಿಸುವ ನಮ್ಮ ಹುಡುಗರಿಗೆ ಈ ಸಂಗತಿ ಗೊತ್ತಿರಬೇಕು. ಒಂದು ಹಾರ್ಡ್‌ಡಿಸ್ಕ್ ಇಟ್ಟುಕೊಳ್ಳಿ. ಮೇಳದವರೂ ಕಲಾವಿದರೂ ಒಪ್ಪಿದರೆ ಚಿತ್ರ, ವಿಡಿಯೊಗಳ ಮುಕ್ತ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ಗೂ ಸೇರಿಸಿ. ಅದನ್ನು ನಡೆಸುವುದು ಲಾಭದ ಉದ್ದೇಶವಿಲ್ಲದ ಸಂಸ್ಥೆ, ಅಲ್ಲಿ ಜಾಹೀರಾತಿನ ಹಂಗಿಲ್ಲ.

ಹೊನ್ನಾವರದ ಮೀನು ವ್ಯಾಪಾರಿ:
ಮಾಸ್ತರರ ಮಾತು ಸರಿ. ಆದರೆ ದೋಣಿ ದಡಕ್ಕೆ ಬರುವ ಮೊದಲೇ ಬಂಗಡೆಯ ದರ ತಿಳಿಯುವುದು ವಾಟ್ಸ್‌ಆ್ಯಪ್ ಗುಂಪಿನಲ್ಲೇ ಆಗಿರುವುದರಿಂದ, ನಾನೊಬ್ಬನೇ ಹೊರಬಂದರೆ ಗಿರಾಕಿಗಳು ನನ್ನ ಹಿಂದೆ ಬರುವುದಿಲ್ಲ.